ಸ್ಟೇಟಸ್ ಕ್ವೋ ಮತ್ತು ಶಿವಮೊಗ್ಗದ ಒಂದು ಭಾಷಾಂತರ ಅಂಗಡಿ

ಶಿವಮೊಗ್ಗದ ನ್ಯಾಯಾಲಯದ ಆವರಣದಿಂದ ಹೊರಗೆ ಬಂದರೆ ಬೆರಳಚ್ಚು, ಜೆರಾಕ್ಸ್, ಇ-ಸ್ಟಾಂಪ್ ಎಂದು ಸಾಲು ಮಳಿಗೆಗಳಿವೆ. ಅವುಗಳ ನಡುವೆ, ಎಳನೀರಿನ ಗಾಡಿಯ ಹಿಂದೆ ಅರ್ಧ ಮರೆಯಾಗಿರುವ ಒಂದು ಅಂಗಡಿಗೆ ಹೆಸರಿಲ್ಲ. ‘ಇಂಗ್ಲಿಷ್–ಕನ್ನಡ ಭಾಷಾಂತರ ಮಾಡಿಕೊಡಲಾಗುವುದು’ ಎಂದಷ್ಟೇ ಫಲಕದಲ್ಲಿ ಬರೆದಿದೆ. ವಕೀಲರ ಗುಮಾಸ್ತರು ಅದನ್ನು ‘ಶಿರಸ್ತೇದಾರರ ಅಂಗಡಿ’ ಎನ್ನುತ್ತಾರೆ. ನಡೆಸುವವರು ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಕಂಪ್ಯೂಟರಿನ ಮುಂದೆ ಕೂರುವವಳು ಅವರ ಮಗಳು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು.

ಈ ಅಂಗಡಿಯಲ್ಲಿ ನಾನು ನಮ್ಮ ತೋಟದ ವ್ಯಾಜ್ಯದ ಹೈಕೋರ್ಟ್ ಆದೇಶವೊಂದನ್ನು ಕನ್ನಡಕ್ಕೆ ಮಾಡಿಸಿದೆ. ನ್ಯಾಯಾಲಯದ ಇಂಗ್ಲಿಷ್ ಕಾಗದ ಕೈಯಲ್ಲಿ ಹಿಡಿದುಕೊಂಡು ಯಾರನ್ನು ಕೇಳುವುದು ಎಂದು ಅಲೆಯುತ್ತಿರುವವರು ಇಲ್ಲಿಗೆ ಹೋಗಬೇಕು ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಸಿಗುವ ಕೆಲಸದ ಗುಣ ಎಂಥದ್ದೆಂದು ಹೇಳಲು ಒಂದೇ ಒಂದು ಲ್ಯಾಟಿನ್ ಪದಗುಚ್ಛ ಸಾಕು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಮಂಡಗದ್ದೆಯ ಕಡೆ. ಅಪ್ಪ ತೀರಿಕೊಂಡ ಮೇಲೆ ಅಡಕೆ ತೋಟ ಅಮ್ಮನ ಸ್ವಾಧೀನದಲ್ಲಿದೆ, ಲೆಕ್ಕಪತ್ರ ನೋಡುವವಳು ನಾನು. ದೊಡ್ಡಪ್ಪನ ಮಕ್ಕಳಿಗೂ ನಮಗೂ ಹಿಸ್ಸೆಯ ವಿಷಯದಲ್ಲಿ ದಾವೆ ನಡೆಯುತ್ತಿದೆ. ಅದರ ಒಂದು ಮಧ್ಯಂತರ ಅರ್ಜಿ ಬೆಂಗಳೂರಿನವರೆಗೆ ಹೋಗಿ ಒಂದೂವರೆ ಪುಟದ ಆದೇಶವಾಗಿ ಮರಳಿತು. ಹೈಕೋರ್ಟಿನ ಕಲಾಪ, ಆದೇಶಗಳು ಇಂಗ್ಲಿಷಿನಲ್ಲಿರಬೇಕೆಂದು ಸಂವಿಧಾನದ 348ನೇ ವಿಧಿಯೇ ಹೇಳುತ್ತದೆ. ಹಾಗಾಗಿ ಅಮ್ಮನ ಬದುಕನ್ನು ತೀರ್ಮಾನಿಸುವ ಕಾಗದ ಅಮ್ಮನಿಗೆ ಓದಲು ಬಾರದ ಭಾಷೆಯಲ್ಲಿ ಬಂತು. ಸುಪ್ರೀಂ ಕೋರ್ಟ್ 2019ರಲ್ಲಿ ‘ಸುವಾಸ್’ ಎಂಬ ಅನುವಾದ ತಂತ್ರಾಂಶ ತಂದಿದೆ, ಅದರಿಂದ ತೀರ್ಪುಗಳು ಕನ್ನಡಕ್ಕೂ ಬರುತ್ತಿವೆ. ಒಳ್ಳೆಯ ಕೆಲಸ. ಆದರೆ ನಮ್ಮಂಥವರ ಮಧ್ಯಂತರ ಆದೇಶ ಕೈಗೆ ಬಂದ ದಿನವೇ ಅದು ಕನ್ನಡದಲ್ಲಿ ಏನು ಹೇಳುತ್ತದೆ ಎಂದು ಗೊತ್ತಾಗಬೇಕಲ್ಲ.

ಆದೇಶ ಬಂದ ಕಾಲವೂ ಹಾಗಿತ್ತು. ಮೇ ತಿಂಗಳ ಕೊನೆ, ಮುಂಗಾರು ಇನ್ನೇನು ಹಿಡಿಯಬೇಕು. ಮಲೆನಾಡಿನ ಅಡಕೆ ಬೆಳೆಗಾರರಿಗೆ ಆಗ ತಲೆಯಲ್ಲಿರುವುದು ಒಂದೇ ವಿಷಯ, ಕೊಳೆ ರೋಗದ ಮದ್ದಾದ ಬೋರ್ಡೋ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಜೋರಾಗುವ ಮುಂಚೆ ಒಂದು ಸಲ ಕೊನೆಗಳಿಗೆ, ಅಂದರೆ ಅಡಕೆ ಗೊನೆಗಳಿಗೆ, ಬೀಳದಿದ್ದರೆ ಆಷಾಢದ ಮಳೆಗೆ ಕೊಳೆ ರೋಗ ಬಂದು ಎಳೆಯ ಕಾಯಿಗಳೆಲ್ಲ ಉದುರಿ ಹೋಗುತ್ತವೆ. ಮರ ಹತ್ತಿ ಮದ್ದು ಹೊಡೆಯುವವರು ಸಿಗುವುದೇ ಕಷ್ಟ, ಒಂದು ಸಲ ದಿನ ತಪ್ಪಿದರೆ ಮತ್ತೆ ಅವರು ನಮ್ಮ ಕಡೆ ತಿರುಗಿ ನೋಡುವುದು ಯಾವಾಗಲೋ.

ಊರಿನಲ್ಲಿ ಎದ್ದ ಮಾತು, ‘ಅವರ ತೋಟಕ್ಕೆ ಸ್ಟೇ ಬಂದಿದೆಯಂತೆ.’ ನಮ್ಮ ಕಡೆ ನ್ಯಾಯಾಲಯದಿಂದ ಏನೇ ಬರಲಿ ಅದು ಸ್ಟೇ. ದೊಡ್ಡಪ್ಪನ ಹಿರಿಯ ಮಗ ಅಂಗಳಕ್ಕೆ ಬಂದು, ‘ಚಿಕ್ಕಮ್ಮ, ಇನ್ನು ಯಾರೂ ತೋಟಕ್ಕೆ ಇಳಿಯುವ ಹಾಗಿಲ್ಲ, ಇಳಿದರೆ ಜೈಲು’ ಎಂದು ಹೇಳಿ ಹೋದರು. ಅಮ್ಮ ಹೆದರಿದರು. ತಾತ್ಕಾಲಿಕ ನಿರ್ಬಂಧಕಾಜ್ಞೆಯನ್ನು ಮುರಿದವರ ಆಸ್ತಿ ಜಪ್ತಿ ಮಾಡಲು, ಮೂರು ತಿಂಗಳವರೆಗೆ ಸಿವಿಲ್ ಬಂಧನದಲ್ಲಿಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 2ಎ ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಆ ಹೆದರಿಕೆ ಪೂರ್ತಿ ಹುರುಳಿಲ್ಲದ್ದೂ ಆಗಿರಲಿಲ್ಲ. ಅಮ್ಮ ಕೇಳಿದ್ದು ಇಷ್ಟೇ: ‘ನಾವು ಮದ್ದು ಹೊಡೆಸಬಹುದೋ ಬೇಡವೋ, ಆ ಕಾಗದದಲ್ಲಿ ಏನಿದೆ, ನೋಡಿ ಹೇಳು.’

ಕಾಗದದಲ್ಲಿ ಇದ್ದದ್ದು ‘ಸ್ಟೇಟಸ್ ಕ್ವೋ’. ಅದರ ಜೊತೆಗೆ ‘ಆ್ಯಸ್ ಆನ್ ಟುಡೇ’ ಎಂಬ ಮಾತು, ‘ನೇಚರ್’ ಮತ್ತು ‘ಪೊಸೆಷನ್’ ಎಂಬ ಎರಡು ಪದ.

ಮೊಬೈಲಿನ ಅನುವಾದ ತಂತ್ರಾಂಶಕ್ಕೆ ಆ ಸಾಲನ್ನು ಕೊಟ್ಟಾಗ ‘ಪಕ್ಷಗಳು ಪ್ರಕೃತಿ ಮತ್ತು ಸ್ವಾಧೀನದ ಯಥಾಸ್ಥಿತಿಯನ್ನು ಕಾಪಾಡಬೇಕು’ ಎಂಬಂತೆ ಬಂತು. ‘ಪ್ರಕೃತಿ’ ಎಂಬುದನ್ನು ಕೇಳಿ ಅಮ್ಮನಿಗೆ ಹೊಸ ಚಿಂತೆ ಶುರುವಾಯಿತು. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಮೇಲಿನ ಸೊಪ್ಪಿನ ಬೆಟ್ಟಕ್ಕೂ ಇದಕ್ಕೂ ಏನೋ ಸಂಬಂಧವಿದೆ, ಅರಣ್ಯದವರೂ ಬರಬಹುದು ಎಂದುಕೊಂಡರು. ಆಮೇಲೆ ಒಂದು ಬೆರಳಚ್ಚು ಕೇಂದ್ರದಲ್ಲಿ ಹಣ ಕೊಟ್ಟು ಮಾಡಿಸಿದ ಕನ್ನಡದಲ್ಲಿ ‘ತಡೆಯಾಜ್ಞೆ ನೀಡಲಾಗಿದೆ’ ಎಂದೇ ಇತ್ತು. ದೊಡ್ಡಪ್ಪನ ಮಗ ಹೇಳಿದ್ದಕ್ಕೆ ಮುದ್ರೆ ಬಿದ್ದ ಹಾಗಾಯಿತು. ಅದೇ ಕಾಗದದಲ್ಲಿ ಇನ್ನೂ ದೊಡ್ಡ ತಪ್ಪೊಂದಿತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಆ ಕೇಂದ್ರದ ಹೆಸರು ಇಲ್ಲಿ ಬೇಡ. ಅವರ ನಿತ್ಯದ ಕೆಲಸ ಬಾಡಿಗೆ ಕರಾರು, ಪ್ರಮಾಣಪತ್ರ. ಹೈಕೋರ್ಟಿನ ಆದೇಶ ಅವರ ಮೇಜಿನ ಮೇಲೆ ದಿನವೂ ಬರುವ ವಸ್ತುವಲ್ಲ.

ನಮ್ಮ ವಕೀಲರ ಗುಮಾಸ್ತರೇ ಶಿರಸ್ತೇದಾರರ ಅಂಗಡಿಗೆ ಕಳುಹಿಸಿದರು. ಅಲ್ಲಿ ಆದೇಶದ ಪ್ರತಿಯನ್ನು ಕೊಟ್ಟ ಕೂಡಲೇ ಅವರು ಟೈಪಿಂಗಿಗೆ ಹಚ್ಚಲಿಲ್ಲ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ನಂತರ ಕೇಳಿದರು, ‘ಇದರ ಹಿಂದಿನ ಅರ್ಜಿ ಎಲ್ಲಿದೆಯಮ್ಮ? ಅರ್ಜಿಯಲ್ಲಿ ಏನು ಕೇಳಿದ್ದರು ಎಂದು ಗೊತ್ತಾಗದೆ ಆದೇಶವನ್ನು ಕನ್ನಡ ಮಾಡಲು ಆಗುವುದಿಲ್ಲ.’ ಅರ್ಜಿಯ ಪ್ರತಿ ನನ್ನ ಚೀಲದಲ್ಲೇ ಇತ್ತು. ಅದನ್ನೂ ಓದಿ ಮುಗಿಸಿ ಇನ್ನೊಂದು ಪ್ರಶ್ನೆ ಹಾಕಿದರು: ‘ಆ ತಂತಿ ಬೇಲಿ ಹಾಕಿದ್ದು ಆದೇಶದ ದಿನಕ್ಕೆ ಮುಂಚೆಯೋ ಆಮೇಲೆಯೋ?’

ಬೇಲಿಯ ವಿಷಯ ನಾನು ಅವರ ಮುಂದೆ ಎತ್ತಿರಲೇ ಇಲ್ಲ. ಅರ್ಜಿಯ ಮಧ್ಯದ ಒಂದು ಪ್ಯಾರಾದಲ್ಲಿ ಅದು ಇತ್ತು. ತೋಟದ ಕೆಳಗಿನ ಅಗಳದ ಪಕ್ಕಕ್ಕೆ ದೊಡ್ಡಪ್ಪನ ಮಕ್ಕಳು ಮಾರ್ಚಿಯಲ್ಲಿ ತಂತಿ ಬೇಲಿ ಎಳೆದು ಎರಡು ಸಾಲು ಮರಗಳನ್ನು ಆಚೆಗೆ ಹಾಕಿಕೊಂಡಿದ್ದರು. ಆ ಬೇಲಿ ತೆಗೆಸಬೇಕೆಂಬುದು ನಮ್ಮ ಬೇಡಿಕೆ. ನನ್ನ ತಮ್ಮ ಈ ಆದೇಶ ಬಂದೊಡನೆ ಬೇಲಿ ಕೀಳುವುದಕ್ಕೆ ಆಳು ಗೊತ್ತುಮಾಡಿ ಕೂತಿದ್ದ. ಯಥಾಸ್ಥಿತಿ ಎಂದರೆ ಮೊದಲಿದ್ದ ಹಾಗೆ, ಮೊದಲು ಬೇಲಿ ಇರಲಿಲ್ಲ, ಆದ್ದರಿಂದ ಬೇಲಿ ಹೋಗಬೇಕು ಎಂಬುದು ಅವನ ಲೆಕ್ಕ.

ಶಿರಸ್ತೇದಾರರು ಒಂದು ಹಳೆಯ ಲಕೋಟೆಯ ಹಿಂಬದಿಯಲ್ಲಿ ಬರೆದು ತೋರಿಸಿದ್ದನ್ನು ನಾನು ಇಟ್ಟುಕೊಂಡಿದ್ದೇನೆ. ಲ್ಯಾಟಿನ್ನಿನಲ್ಲಿ ‘ಇನ್ ಸ್ಟಾಟು ಕ್ವೋ’ ಎಂದರೆ ‘ಯಾವ ಸ್ಥಿತಿಯಲ್ಲಿಯೋ ಆ ಸ್ಥಿತಿಯಲ್ಲಿ’. ಅದು ವಾಕ್ಯದ ಒಂದು ತುಂಡು. ಯಾರು, ಯಾವುದು, ಯಾವಾಗ ಎಂಬುದೊಂದೂ ಅದರಲ್ಲಿ ಇಲ್ಲ. ಹಳೆಯ ಕಾಲದ ಒಪ್ಪಂದಗಳ ಭಾಷೆಯಲ್ಲಿ ಅದರ ಪೂರ್ತಿ ರೂಪ ‘ಇನ್ ಸ್ಟಾಟು ಕ್ವೋ ರೇಸ್ ಎರಂಟ್ ಆಂಟೆ ಬೆಲ್ಲುಮ್’, ಅಂದರೆ ಯುದ್ಧಕ್ಕೆ ಮುಂಚೆ ಸಂಗತಿಗಳು ಯಾವ ಸ್ಥಿತಿಯಲ್ಲಿದ್ದವೋ ಆ ಸ್ಥಿತಿಯಲ್ಲಿ. 1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಶುರುವಾದ ಯುದ್ಧ ನಿಂತದ್ದು ಈ ತತ್ವದ ಮೇಲೆಯೇ. 1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಸಹಿಯಾದ ಒಪ್ಪಂದದಂತೆ ಎರಡೂ ಕಡೆಯವರು ಗೆದ್ದುಕೊಂಡ ನೆಲವನ್ನು ಹಿಂದಿರುಗಿಸಿ ಯುದ್ಧಕ್ಕೆ ಮುಂಚಿನ ಗಡಿಗೆ ಮರಳಬೇಕಾಯಿತು. ಇದಕ್ಕೆ ಎದುರಾದ ಇನ್ನೊಂದು ಲ್ಯಾಟಿನ್ ಮಾತು ‘ಊಟಿ ಪೊಸಿಡೇಟಿಸ್’. ಯುದ್ಧ ಮುಗಿದಾಗ ಯಾರ ಕೈಯಲ್ಲಿ ಏನಿದೆಯೋ ಅದು ಅವರದೇ ಎಂದು ಅದರ ಅರ್ಥ.

ಅಮೆರಿಕದ ಯುದ್ಧವನ್ನು ಕಟ್ಟಿಕೊಂಡು ನಮಗೇನು ಎಂದು ಅನ್ನಿಸಬಹುದು. ನಮ್ಮ ಬೇಲಿಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು. ನಮ್ಮ ಅರ್ಜಿಯಲ್ಲಿ ವಕೀಲರು ಕೇಳಿದ್ದು ‘ಸ್ಟೇಟಸ್ ಕ್ವೋ ಆಂಟೆ’, ಬೇಲಿ ಹಾಕುವುದಕ್ಕೆ ಮುಂಚಿನ ಸ್ಥಿತಿಗೆ ಮರಳಿಸಿ ಎಂದು. ನ್ಯಾಯಾಲಯ ಕೊಟ್ಟದ್ದು ಬರೀ ‘ಸ್ಟೇಟಸ್ ಕ್ವೋ’, ಅದೂ ‘ಈ ದಿನ ಇದ್ದಂತೆ’. ಕೊನೆಯ ಆ ಒಂದು ಪದ ಬಿಟ್ಟುಹೋದದ್ದರಲ್ಲಿ ಎರಡು ಸಾಲು ಮರಗಳ ಅಂತರವಿದೆ. ಆದೇಶದ ದಿನ ಬೇಲಿ ಇತ್ತು, ಆದ್ದರಿಂದ ಮುಂದಿನ ಆದೇಶದವರೆಗೆ ಬೇಲಿ ಇರುತ್ತದೆ. ಅವರು ಅದನ್ನು ಇನ್ನೂ ಈಚೆಗೆ ಸರಿಸುವಂತಿಲ್ಲ, ನಾವು ಕೀಳುವಂತಿಲ್ಲ. ಬೇಲಿ ಹಾಕಿದ್ದು ಸರಿಯೋ ತಪ್ಪೋ ಎಂಬುದನ್ನು ಈ ಆದೇಶ ಹೇಳುವುದೇ ಇಲ್ಲ, ಅದು ದಾವೆಯಲ್ಲಿ ತೀರ್ಮಾನವಾಗಬೇಕಾದದ್ದು. 1994ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ಪ್ರಕರಣದಲ್ಲಿ ಈ ಪದಕ್ಕೆ ಇದೇ ಅರ್ಥ ಹೇಳಿದೆ, ನಿರ್ದಿಷ್ಟವಾದ ಒಂದು ಕಾಲಬಿಂದುವಿನಲ್ಲಿ ಇರುವ ಸ್ಥಿತಿ ಎಂದು. ತಮ್ಮನನ್ನು ಅಲ್ಲಿಂದಲೇ ಮೊಬೈಲಿನಲ್ಲಿ ಕರೆದು ಆಳುಗಳನ್ನು ವಾಪಸು ಕಳುಹಿಸಲು ಹೇಳಿದೆ. ಅವನು ಬೇಲಿ ಕಿತ್ತಿದ್ದರೆ ಆದೇಶ ಮುರಿದವರು ನಾವಾಗುತ್ತಿದ್ದೆವು.

ಹಿಂದಿನ ಬೆರಳಚ್ಚು ಕೇಂದ್ರದವರ ದೊಡ್ಡ ತಪ್ಪು ಇದ್ದದ್ದು ಈ ‘ಆಂಟೆ’ಯಲ್ಲಿ. ಅವರು ಅದನ್ನು ‘ಆ್ಯಂಟಿ’ ಎಂದು ಓದಿ, ನಾವು ‘ಯಥಾಸ್ಥಿತಿಯ ವಿರುದ್ಧ’ ಅರ್ಜಿ ಹಾಕಿದ್ದೇವೆ ಎಂದು ಬರೆದಿದ್ದರು. ಶಿರಸ್ತೇದಾರರ ಮಗಳು ಅದನ್ನು ಬಿಡಿಸಿ ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ತನ್ನ ಮೊಬೈಲಿನ ಗಡಿಯಾರ ತೋರಿಸಿ, ‘ಅಕ್ಕ, ಇಲ್ಲಿ ಎ.ಎಂ. ಎಂದು ಬರುತ್ತದಲ್ಲ, ಅದು ಆಂಟೆ ಮೆರಿಡಿಯೆಮ್, ನಡುಹಗಲಿಗೆ ಮುಂಚೆ. ಅದೇ ಆಂಟೆ ಇದು. ಬಸುರಿಯರ ತಪಾಸಣೆಗೆ ಆಂಟಿನೇಟಲ್ ಎನ್ನುತ್ತಾರೆ, ಹೆರಿಗೆಗೆ ಮುಂಚಿನದು. ವಿರುದ್ಧ ಎನ್ನುವ ಆ್ಯಂಟಿ ಗ್ರೀಕಿನಿಂದ ಬಂದದ್ದು, ಅದು ಬೇರೆ’ ಎಂದಳು. ಇಷ್ಟು ಹೊತ್ತು ಅವಳು ಯಾವುದಕ್ಕೂ ಹಣ ಎಣಿಸುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಮರುದಿನ ಕೈಗೆ ಬಂದ ಭಾಷಾಂತರ ಹೀಗಿತ್ತು. ಪುಟದ ನಡುವೆ ಗೆರೆ, ಎಡಗಡೆ ಇಂಗ್ಲಿಷ್ ಮೂಲ, ಬಲಗಡೆ ಸಾಲಿಗೆ ಸಾಲು ಕನ್ನಡ. ನಮಗೆ ಬೇಕಾಗಿದ್ದ ಆ ಸಾಲು: ‘ಈ ದಿನದಂದು ದಾವಾ ಷೆಡ್ಯೂಲು ಸ್ವತ್ತಿನ ಸ್ವರೂಪ ಮತ್ತು ಸ್ವಾಧೀನವು ಯಾವ ಸ್ಥಿತಿಯಲ್ಲಿವೆಯೋ ಅದೇ ಸ್ಥಿತಿಯನ್ನು ಉಭಯ ಪಕ್ಷಕಾರರೂ ಮುಂದಿನ ಆದೇಶದವರೆಗೆ ಕಾಯ್ದುಕೊಳ್ಳತಕ್ಕದ್ದು.’ ‘ಈ ದಿನ’ ಎಂಬುದರ ಕೆಳಗೆ ಗೆರೆ ಎಳೆದು, ಪಕ್ಕದ ಅಂಚಿನಲ್ಲಿ ಆದೇಶದ ದಿನಾಂಕವನ್ನು ಅಕ್ಷರಗಳಲ್ಲಿ ಬರೆದಿದ್ದರು. ‘ನೇಚರ್’ ಎಂಬುದು ‘ಸ್ವರೂಪ’ವಾಗಿತ್ತು, ಪ್ರಕೃತಿ ಆಗಿರಲಿಲ್ಲ. ‘ಯಥಾಸ್ಥಿತಿ’ ಎಂಬ ಪದವನ್ನು ಏಕೆ ಬಳಸಲಿಲ್ಲ ಎಂದು ಕೇಳಿದೆ. ‘ಅದು ತಪ್ಪಲ್ಲ, ಪತ್ರಿಕೆಗಳಲ್ಲಿ ಅದೇ ಬರುತ್ತದೆ. ನಿಮ್ಮ ಮನೆಯಲ್ಲಿ ಒಬ್ಬರು ಅದನ್ನು ಮೊದಲಿದ್ದ ಹಾಗೆ ಎಂದು ತಿಳಿದಿದ್ದಾರೆ, ಇನ್ನೊಬ್ಬರು ಏನೂ ಮಾಡಬಾರದು ಎಂದು ತಿಳಿದಿದ್ದಾರೆ. ಅದಕ್ಕೇ ಬಿಡಿಸಿ ಬರೆದೆ’ ಎಂದರು.

ನಾನು ಈ ಅಂಗಡಿಯನ್ನು ಹೊಗಳುತ್ತಿರುವುದು ಈ ಕಾರಣಕ್ಕೆ. ಓದುವವರು ಯಾರು, ಅವರು ಎಲ್ಲಿ ಎಡವುತ್ತಾರೆ ಎಂದು ತಿಳಿದುಕೊಂಡು ಆ ಜಾಗದಲ್ಲಿ ಇನ್ನೆರಡು ಪದ ಹೆಚ್ಚು ಹಾಕುವ ಭಾಷಾಂತರಕಾರರು ಬಹಳ ಕಡಿಮೆ. ಹಾಗೆಂದು ಮೂಲದಲ್ಲಿ ಇಲ್ಲದ್ದನ್ನು ಸೇರಿಸಿಯೂ ಇರಲಿಲ್ಲ, ಸಾಲಿಗೆ ಸಾಲು ಹೋಲಿಸಿ ನೋಡಿದ್ದೇನೆ.

ಸ್ಟೇ ಎಂಬ ಮಾತಿನ ಗೊಂದಲವನ್ನೂ ಅವರು ಬಿಡಿಸಿದರು. ಒಂದು ಆದೇಶವೋ ಕಲಾಪವೋ ಮುಂದಕ್ಕೆ ಹೋಗದಂತೆ ನಿಲ್ಲಿಸುವುದು ಸ್ಟೇ. ಒಬ್ಬ ವ್ಯಕ್ತಿ ಇಂಥದ್ದನ್ನು ಮಾಡಬಾರದು ಎಂದು ಕಟ್ಟಿಹಾಕುವುದು ನಿರ್ಬಂಧಕಾಜ್ಞೆ. ನಮಗೆ ಬಂದ ಆದೇಶ ಎರಡೂ ಕಡೆಯವರನ್ನು ಅವರವರು ನಿಂತ ಜಾಗದಲ್ಲೇ ನಿಲ್ಲಿಸುವಂಥದ್ದು, ಕುಂಟಾಬಿಲ್ಲೆಯಲ್ಲಿ ಯಾರೋ ‘ನಿಲ್ಲು’ ಎಂದಾಗ ಕಾಲು ಯಾವ ಮನೆಯಲ್ಲಿತ್ತೋ ಅಲ್ಲೇ ಉಳಿದ ಹಾಗೆ. ದೊಡ್ಡಪ್ಪನ ಮಗ ಅಂಗಳದಲ್ಲಿ ನಿಂತು ಹೇಳಿದಾಗ ಅವರಿಗೂ ಅದೇ ಆದೇಶ ಅನ್ವಯಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಮಗಂತೂ ಗೊತ್ತಿರಲಿಲ್ಲ.

ಮದ್ದು ಹೊಡೆಸಬಹುದೇ ಎಂದು ನಾನು ಅಲ್ಲೇ ಕೇಳಿದೆ. ಶಿರಸ್ತೇದಾರರು ಕೈ ಮುಗಿದರು. ‘ಪದದ ಅರ್ಥ ನಾನು ಹೇಳಬಲ್ಲೆ. ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ನಿಮ್ಮ ವಕೀಲರ ಬಾಯಿಂದಲೇ ಕೇಳಿ.’ ನ್ಯಾಯಾಲಯದ ಸುತ್ತ ಸಲಹೆ ಕೊಡುವವರಿಗೆ ಬರವಿಲ್ಲ. ಅಂಥ ಜಾಗದಲ್ಲಿ ಹೀಗೆ ಹೇಳುವವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಭಾಷಾಂತರವನ್ನು ವಕೀಲರ ಮುಂದಿಟ್ಟಾಗ ಅವರು ಎರಡು ನಿಮಿಷದಲ್ಲಿ ಮುಗಿಸಿದರು. ಆದೇಶದ ದಿನ ತೋಟ ಅಮ್ಮನ ಸ್ವಾಧೀನದಲ್ಲಿತ್ತು, ಆ ಸ್ವಾಧೀನ ಮುಂದುವರಿಯುತ್ತದೆ. ಮದ್ದು ಹೊಡೆಯುವುದು, ಕೊನೆ ಕೊಯ್ಯುವುದು ಎಂದಿನ ಕೃಷಿ, ಅದರಿಂದ ಸ್ವತ್ತಿನ ಸ್ವರೂಪ ಬದಲಾಗುವುದಿಲ್ಲ. ಹಳೆಯ ಮರ ಕಡಿದು ಹೊಸ ಸಸಿ ಹಾಕುವುದು, ಹುಲ್ಲು ಬೆಳೆಯುವ ಬೇಣಕ್ಕೆ ಜೆಸಿಬಿ ಇಳಿಸಿ ಸಮ ಮಾಡಿಸುವುದು, ಇವನ್ನು ಮಾತ್ರ ಮುಟ್ಟಬೇಡಿ ಎಂದರು. ಈ ಸಲದ ಫಸಲನ್ನು ಚೇಣಿಗೆ, ಅಂದರೆ ಕೊಯ್ದುಕೊಳ್ಳುವ ಗುತ್ತಿಗೆಗೆ, ಕೊಡುವ ಯೋಚನೆ ಇತ್ತು. ಚೇಣಿದಾರನನ್ನು ತೋಟಕ್ಕೆ ಇಳಿಸಿದರೆ ಸ್ವಾಧೀನದ ಬಗ್ಗೆ ಇಲ್ಲದ ತಕರಾರು ಎಬ್ಬಿಸಲು ಎದುರಿನವರಿಗೆ ದಾರಿಯಾಗುತ್ತದೆ, ಈ ವರ್ಷ ನೀವೇ ಕೊಯ್ಲು ಮಾಡಿಸಿ, ಲೆಕ್ಕ ಸರಿಯಾಗಿ ಇಡಿ ಎಂದೂ ಹೇಳಿದರು. ಇದು ನಮ್ಮ ಆದೇಶದ ಮಾತುಗಳಿಗೆ ತಕ್ಕ ಸಲಹೆ. ನಿಮ್ಮ ಆದೇಶದಲ್ಲಿ ‘ಪರಭಾರೆ ಮಾಡಬಾರದು’ ಎಂದೋ ಮತ್ತೊಂದೋ ಸೇರಿದ್ದರೆ ಉತ್ತರ ಬೇರೆಯಾಗಬಹುದು.

ಅಮ್ಮ ಬಲಗಡೆಯ ಕನ್ನಡವನ್ನು ತಾವೇ ಬೆರಳಿಟ್ಟು ಓದಿದರು. ಯಾರಾದರೂ ಓದಿ ಹೇಳುವುದಕ್ಕೂ ತಾವೇ ಓದುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಅವರ ಮುಖ ನೋಡಿದಾಗ ತಿಳಿಯಿತು. ‘ಉಭಯ ಎಂದಿದೆ. ಹಾಗಾದರೆ ಅವರಿಗೂ ಇದೆ’ ಎಂದರು. ಮೊದಲ ಮಳೆಗೆ ಮುಂಚೆ ಬೋರ್ಡೋ ಬಿತ್ತು.

ಲ್ಯಾಟಿನ್ ಮಾತಿನ ಇಂಗ್ಲಿಷ್ ಬಳಕೆಯ ಬಗ್ಗೆ ಆ ಹುಡುಗಿ ಹೇಳಿದ ಇನ್ನೊಂದಿಷ್ಟನ್ನು ಕಾಲೇಜಿಗೆ ಹೋಗುವ ಮಕ್ಕಳಿಗಾಗಿ ಇಲ್ಲಿ ಸೇರಿಸುತ್ತೇನೆ. ನಮ್ಮ ನ್ಯಾಯಾಲಯಗಳ ಇಂಗ್ಲಿಷಿನಲ್ಲಿ ‘ಸ್ಟೇಟಸ್ ಕ್ವೋ’ ಒಂಟಿಯಾಗಿ ಬರುತ್ತದೆ. ಬೇರೆ ಕಡೆಯ ಬರಹದಲ್ಲಿ ಅದಕ್ಕೆ ಮುಂಚೆ ಸಾಮಾನ್ಯವಾಗಿ ‘ದಿ’ ಇರಬೇಕು. ಪ್ರಬಂಧ, ಭಾಷಣಗಳಲ್ಲಿ ಅದರ ಅರ್ಥ ಹಿಗ್ಗಿ, ಈಗ ನಡೆದುಬಂದಿರುವ ವ್ಯವಸ್ಥೆ ಎಂದಾಗುತ್ತದೆ. ಅದನ್ನು ಪ್ರಶ್ನಿಸುವವರು, ಅದನ್ನೇ ಹಿಡಿದುಕೊಂಡಿರುವವರು ಎಂದೆಲ್ಲ ಬರೆಯುವುದು ಆಗಲೇ. ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಬದಲಿಸದಿದ್ದಾಗ ಇಂಗ್ಲಿಷ್ ಪತ್ರಿಕೆಗಳು ಇದೇ ಪದ ಹಾಕುತ್ತವೆ, ಕನ್ನಡದವರು ‘ದರ ಯಥಾಸ್ಥಿತಿ’ ಎನ್ನುತ್ತಾರೆ. ‘ಕರೆಂಟ್ ಸ್ಟೇಟಸ್ ಕ್ವೋ’ ಎಂದು ಬರೆಯುವುದು ಹೇಳಿದ್ದನ್ನೇ ಎರಡು ಸಲ ಹೇಳಿದಂತೆ, ಈಗಿನದು ಎಂಬ ಅರ್ಥ ಅದರಲ್ಲೇ ಇದೆ.

ಇನ್ನು ಕೊರತೆಗಳು. ಅವಸರದವರಿಗೆ ಈ ಅಂಗಡಿ ಹೇಳಿಮಾಡಿಸಿದ್ದಲ್ಲ. ಒಂದೂವರೆ ಪುಟಕ್ಕೆ ಒಂದು ದಿನ ಹಿಡಿಯಿತು. ದೊಡ್ಡ ತೀರ್ಪು ಕೊಟ್ಟವರೊಬ್ಬರು ನನ್ನೆದುರೇ ಇನ್ನೂ ಆಗಿಲ್ಲವೇ ಎಂದು ಬೇಸರಿಸಿಕೊಂಡರು. ಪುಟಕ್ಕೆ 200 ರೂಪಾಯಿ, ಸುತ್ತಲಿನ ಅಂಗಡಿಗಳಿಗಿಂತ ಹೆಚ್ಚು. ನನಗೆ ಅದು ದುಬಾರಿ ಎನಿಸಲಿಲ್ಲ, ಆದರೆ ಕೂಲಿ ಬಿಟ್ಟು ಬಸ್ ಹಿಡಿದು ಬಂದವರಿಗೆ ಹತ್ತು ಪುಟದ ತೀರ್ಪು ದೊಡ್ಡ ಮೊತ್ತವೇ ಆಗುತ್ತದೆ. ಅಂಥವರಿಗೆ ಅವರು ಆದೇಶದ ಮುಖ್ಯ ಭಾಗವನ್ನಷ್ಟೇ ಮಾಡಿಕೊಡುತ್ತಾರಂತೆ, ಕೇಳಿ ನೋಡಿ. ನ್ಯಾಯಾಲಯಕ್ಕೆ ಬೇಸಿಗೆ ರಜೆ ಬಿದ್ದರೆ ಇವರದೂ ಬಾಗಿಲು ಹಾಕಿರುತ್ತದೆ. ಕೂರಲು ಇರುವುದು ಒಂದೇ ಬೆಂಚು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಗಮನದಲ್ಲಿಡಬೇಕು.

ನನಗೆ ನಿಜಕ್ಕೂ ತೊಂದರೆಯಾದದ್ದು ಅಕ್ಷರದ ವಿಷಯದಲ್ಲಿ. ಅವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಮುದ್ರಿತ ಪ್ರತಿ ಅಚ್ಚುಕಟ್ಟಾಗಿದೆ, ಆದರೆ ಅದೇ ಕಡತವನ್ನು ತಮ್ಮನ ಮೊಬೈಲಿಗೆ ಕಳುಹಿಸಿದಾಗ ಒಂದಕ್ಷರವೂ ಕನ್ನಡವಾಗಿ ತೆರೆಯಲಿಲ್ಲ. ಯುನಿಕೋಡಿಗೆ ಬದಲಾಯಿಸಿ ಎಂದು ಹೇಳಿ ಬಂದಿದ್ದೇನೆ. ಮಗಳು ಒಪ್ಪಿದ್ದಾಳೆ, ಅಪ್ಪ ಒಪ್ಪಬೇಕು. ಸದ್ಯಕ್ಕೆ ಪಿಡಿಎಫ್ ಮಾಡಿಕೊಡಿ ಎಂದು ಮೊದಲೇ ಕೇಳಿಕೊಳ್ಳಿ.

ಹೋಗುವಾಗ ಆದೇಶದ ಜೊತೆಗೆ ಅರ್ಜಿ, ಆಕ್ಷೇಪಣೆ, ಇತ್ತೀಚಿನ ಪಹಣಿ ಎಲ್ಲವನ್ನೂ ಒಯ್ಯಿರಿ, ಇಲ್ಲದಿದ್ದರೆ ಅವರು ವಾಪಸು ಕಳುಹಿಸುತ್ತಾರೆ. ಈ ಭಾಷಾಂತರ ನಾವು ಓದಿ ತಿಳಿದುಕೊಳ್ಳುವುದಕ್ಕೆ. ನ್ಯಾಯಾಲಯಕ್ಕೆ ಹಾಜರುಪಡಿಸುವುದಿದ್ದರೆ ಬೇಕಾದ ದೃಢೀಕರಣ ಅಲ್ಲಿ ಸಿಗುವುದಿಲ್ಲ, ಅದಕ್ಕೆ ವಕೀಲರನ್ನೇ ಕೇಳಬೇಕು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶಿರಸ್ತೇದಾರರು ಮನೆಗೆ ಹೋಗಿರುತ್ತಾರೆ. ಬೆಳಗ್ಗೆ ಕಲಾಪ ಶುರುವಾಗುವ ಮುಂಚೆ ಹೋದರೆ ಅವರೇ ಕೂತು ಓದುತ್ತಾರೆ, ತೀರ್ಥಹಳ್ಳಿ ಕಡೆಯಿಂದ ಬರುವವರು ಬೆಳಗಿನ ಮೊದಲ ಬಸ್ಸುಗಳಲ್ಲೇ ಹೊರಡುವುದು ಒಳ್ಳೆಯದು.